ಜಗಲಿ ಮತ್ತು ದಾರಿಹೋಕರು



ಮಲೆನಾಡಿನ ಹಳೆಯ ಮನೆಗಳ ಜಗಲಿ ಮನೆಯವರಿಗಾಗಿ ಮಾತ್ರ ಕಟ್ಟಿದ್ದಲ್ಲ. ಘಟ್ಟ ಹತ್ತಿ ಬಂದವರು, ಸಂತೆಗೆ ಹೊರಟವರು, ಹೊತ್ತು ಮುಳುಗಿದ್ದರಿಂದ ಮುಂದಿನ ಊರು ಸೇರಲಾಗದವರು ಅಲ್ಲಿ ಕುಳಿತು ಸುಧಾರಿಸಿಕೊಳ್ಳುತ್ತಿದ್ದರು. ಬಂದವರ ಊರು, ಹೆಸರು, ಕೆಲಸ ವಿಚಾರಿಸುವ ಮೊದಲೇ ಬೆಲ್ಲ ನೀರು ಬರುತ್ತಿತ್ತು. ‘ಆಸರಿಗೆ ಏನು ಬೇಕು’ ಎಂಬುದು ಮೊದಲ ಪ್ರಶ್ನೆಯಾಗಿತ್ತು. ಹಾಗೆಂದು ಆ ಕಾಲವನ್ನು ಬರಿದೆ ಹೊಗಳುವುದೂ ಸಲ್ಲದು. ಯಾರು ಜಗಲಿ ಹತ್ತಬಹುದು, ಯಾರು ಅಂಗಳದಲ್ಲೇ ನಿಲ್ಲಬೇಕು ಎಂಬುದನ್ನು ಜಾತಿ ಗೊತ್ತುಮಾಡುತ್ತಿತ್ತು. ಈ ಎರಡೂ ಸತ್ಯಗಳನ್ನು ನೆನಪಿನಲ್ಲಿಟ್ಟುಕೊಂಡೇ ಮುಂದಿನ ಕಥೆಯನ್ನು ಕೇಳಬೇಕು.

ಇದು ಇಲ್ಲಿಂದ ಬಹು ದೂರದಲ್ಲಿ, ಮಧ್ಯ ಏಷ್ಯದ ಬೆಟ್ಟಸೀಮೆಯಲ್ಲಿ ಮುಗಿದುಹೋದ ಒಂದು ಸೈಕಲ್ ಯಾತ್ರೆಯ ಕಥೆ. ಹೊರಟವರು ಇಬ್ಬರು. ದಾರಿಯುದ್ದಕ್ಕೂ ಅವರಿಗೆ ನೀರು, ಊಟ, ನೆರಳು ಕೊಟ್ಟವರು ಅನೇಕರು. ಅವರನ್ನು ಕೊಂದವರು ಒಂದು ಕಾರಿನಲ್ಲಿ ಹಿಡಿಸುವಷ್ಟು ಜನ. ಈ ಮೂರು ಸಂಗತಿಗಳನ್ನು ಒಟ್ಟಿಗೆ ಇಟ್ಟುಕೊಂಡು ಯೋಚಿಸುವುದು ಹೇಗೆ ಎಂಬುದೇ ಇಂದಿನ ವಿಷಯ.

ಜೇ ಆಸ್ಟಿನ್ ಮತ್ತು ಲಾರೆನ್ ಗೇಗನ್ ಅಮೆರಿಕದ ರಾಜಧಾನಿ ವಾಷಿಂಗ್ಟನ್ನಿನಲ್ಲಿದ್ದ ಯುವ ಜೋಡಿ. ಆತ ಕೇಂದ್ರ ಸರ್ಕಾರದ ವಸತಿ ಇಲಾಖೆಯಲ್ಲಿದ್ದ. ಆಕೆ ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಪ್ರವೇಶಾತಿ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದಳು. ಆಸ್ಟಿನ್ ಒಂದೇ ಕೋಣೆಯಷ್ಟಿದ್ದ ಪುಟ್ಟ ಮನೆಯಲ್ಲಿ ವಾಸವಾಗಿದ್ದು, ಅದಕ್ಕೆ ‘ಬೆಂಕಿಪೊಟ್ಟಣ’ ಎಂಬರ್ಥದ ಹೆಸರಿಟ್ಟಿದ್ದ. ಕಡಿಮೆ ವಸ್ತುಗಳೊಡನೆ ಬದುಕುವುದನ್ನು ಆತ ಮೊದಲೇ ರೂಢಿಸಿಕೊಂಡಿದ್ದನೆಂಬುದಕ್ಕೆ ಅದು ಸಾಕ್ಷಿ. ಇಬ್ಬರೂ ಮಾಂಸ ತಿನ್ನುತ್ತಿರಲಿಲ್ಲ. ಸಭೆ, ಹಾಜರಿ ಪಟ್ಟಿ, ಕಂಪ್ಯೂಟರ್ ಪರದೆಗಳ ನಡುವೆ ಆಯುಷ್ಯ ಸವೆಯುತ್ತಿದೆ ಎನ್ನಿಸಿದಾಗ ಅವರು ಕೆಲಸ ಬಿಟ್ಟರು. ಸೈಕಲ್ಲುಗಳನ್ನು ಆಫ್ರಿಕಕ್ಕೆ ಸಾಗಿಸಿ, 2017ರ ಜುಲೈ ತಿಂಗಳಲ್ಲಿ ಆ ಖಂಡದ ದಕ್ಷಿಣದ ತುದಿಯಿಂದ ಪಯಣ ಆರಂಭಿಸಿದರು. ಆಫ್ರಿಕ, ಯೂರೋಪುಗಳ ದಾರಿಗಳನ್ನು ತುಳಿದು, ಮರುವರ್ಷ ಕಜಕಿಸ್ತಾನ, ಕಿರ್ಗಿಸ್ತಾನಗಳನ್ನು ಹಾದು ತಾಜಿಕಿಸ್ತಾನವನ್ನು ಪ್ರವೇಶಿಸಿದರು.

ದಾರಿಯಲ್ಲಿ ಕಂಡದ್ದನ್ನು ಅವರು ಬರೆದಿಡುತ್ತಿದ್ದರು. ಕಜಕಿಸ್ತಾನದಲ್ಲಿ ಲಾರಿಯವನೊಬ್ಬ ತಾನಾಗಿ ಗಾಡಿ ನಿಲ್ಲಿಸಿ, ನಮಸ್ಕರಿಸಿ, ಬಿಸಿಲಿನಲ್ಲಿ ಬಳಲಿದವರ ಕೈಗೆ ಐಸ್‌ಕ್ರೀಮ್ ಇತ್ತು ಹೊರಟುಹೋದ. ಒಂದು ಹುಲ್ಲುಗಾವಲಿನಲ್ಲಿ, ಉಣ್ಣೆಯ ನಮದೆ ಹೊದಿಸಿದ ಗುಡಾರದ ಮುಂದೆ ಒಂದು ಕುಟುಂಬ ತಂತಿವಾದ್ಯಗಳನ್ನು ಹಿಡಿದು ನಿಂತು ಅವರಿಗಾಗಿ ನುಡಿಸಿತು. ಕಿರ್ಗಿಸ್ತಾನದ ಒಂದು ಕಣಿವೆಮಾರ್ಗದ ನೆತ್ತಿಯಲ್ಲಿ, ಏರು ಮುಗಿಸಿ ಉಸಿರು ಬಿಡುತ್ತಿದ್ದವರನ್ನು ಇಬ್ಬರು ಪುಟ್ಟ ಹುಡುಗಿಯರು ಹೂಗೊಂಚಲು ಹಿಡಿದು ಎದುರುಗೊಂಡರು. ಇವು ಸಣ್ಣ ಸಂಗತಿಗಳು. ಚರಿತ್ರೆಯ ಪುಸ್ತಕದಲ್ಲಿ ಇವಕ್ಕೆ ಜಾಗವಿಲ್ಲ. ಆದರೆ ಒಂದು ವರ್ಷದ ಯಾತ್ರೆ ಇಂಥ ಸಣ್ಣ ಸಂಗತಿಗಳಿಂದಲೇ ಮುಂದೆ ಸಾಗಿತು.

ಇದೇ ಇಬ್ಬರು ಕಾರಿನಲ್ಲಿ ಹೋಗಿದ್ದರೆ ಇವುಗಳಲ್ಲಿ ಯಾವುದೂ ನಡೆಯುತ್ತಿರಲಿಲ್ಲ. ಕಾರಿಗೆ ಬಾಗಿಲಿದೆ, ಗಾಜಿದೆ, ಒಳಗೆ ನೀರಿನ ಬಾಟಲಿಗಳ ಪೆಟ್ಟಿಗೆಯಿದೆ. ಅದರಲ್ಲಿ ಕುಳಿತವರಿಗೆ ದಾರಿಬದಿಯ ಮನೆಯಿಂದ ಏನೂ ಬೇಕಾಗಿಲ್ಲ. ಸಾಮಾನು ಹೇರಿದ ಸೈಕಲ್ ಗಂಟೆಗೆ ಹದಿನೈದು ಕಿಲೋಮೀಟರ್ ಸಾಗಿದರೆ ಹೆಚ್ಚು. ಬೆಟ್ಟದ ಏರಿನಲ್ಲಿ ಅದು ನಡಿಗೆಯ ವೇಗಕ್ಕೆ ಇಳಿಯುತ್ತದೆ. ಸವಾರ ಹೊರಬಲ್ಲ ನೀರು ಕೆಲವೇ ಲೀಟರುಗಳಷ್ಟು. ಮಳೆ ಬಂದರೆ ಆತ ಯಾರದಾದರೂ ಸೂರಿನಡಿ ನಿಲ್ಲಬೇಕು. ಕತ್ತಲಾದರೆ ಯಾರದಾದರೂ ಹೊಲದಂಚಿನಲ್ಲಿ ಡೇರೆ ಹಾಕಲು ಅನುಮತಿ ಕೇಳಬೇಕು. ಹೊಲ ಉಳುವವನಿಗೆ ಆತ ದೂರದಿಂದಲೇ ಕಾಣುತ್ತಾನೆ. ಹತ್ತಿರ ಬಂದಾಗ ಆತನ ಮುಖ, ಬೆವರು, ಆಯಾಸ ಎಲ್ಲವೂ ಕಾಣುತ್ತವೆ. ಪರಿಸರದ ಕಾರ್ಯಕರ್ತರು ಸೈಕಲ್ಲನ್ನು ಮೆಚ್ಚುವುದು ಅದು ಹೊಗೆ ಉಗುಳುವುದಿಲ್ಲ, ಎಣ್ಣೆ ಕುಡಿಯುವುದಿಲ್ಲ ಎಂಬ ಕಾರಣಕ್ಕೆ. ಅದು ಸರಿಯೇ. ಸೈಕಲ್ಲಿಗೆ ಇನ್ನೊಂದು ಗುಣವೂ ಇದೆ: ಅದರ ಮೇಲೆ ಕುಳಿತವನು ಪರರ ಸಹಾಯವಿಲ್ಲದೆ ಬಹುದೂರ ಹೋಗಲಾರ. ಕೊಡುವ ಮನಸ್ಸು ಎಷ್ಟೇ ಇದ್ದರೂ, ಕೇಳುವವರು ಬಾಗಿಲಿಗೆ ಬಾರದೆ ಅತಿಥಿಸತ್ಕಾರ ನಡೆಯದು.

ಎಲ್ಲ ಸೈಕಲ್ ಯಾತ್ರಿಕರೂ ಹೀಗೆಯೇ ಇದ್ದರೆಂದು ತಿಳಿಯಬಾರದು. ಇದಕ್ಕೆ ಭಾರತದಲ್ಲೇ ನಡೆದ, ನೂರಿಪ್ಪತ್ತು ವರ್ಷ ಹಿಂದಿನ ಇನ್ನೊಂದು ದಂಪತಿಯ ಯಾತ್ರೆಯನ್ನು ಪಕ್ಕದಲ್ಲಿಟ್ಟು ನೋಡಬಹುದು. ಎರಡೂ ಚಕ್ರಗಳು ಸಮನಾಗಿರುವ ಇಂದಿನ ಮಾದರಿಯ ಸೈಕಲ್ ಇಂಗ್ಲೆಂಡಿನಲ್ಲಿ ತಯಾರಾದದ್ದು 1885ರಲ್ಲಿ. ಗಾಳಿ ತುಂಬುವ ಡನ್‌ಲಪ್ ಟೈರು ಬಂದದ್ದು 1888ರಲ್ಲಿ. ಅನಂತರದ ಹತ್ತು ವರ್ಷಗಳೊಳಗೆ, 1897ರ ಕೊನೆಗೆ, ಫ್ಯಾನಿ ಬುಲಕ್ ವರ್ಕ್‌ಮನ್ ಮತ್ತು ಆಕೆಯ ಪತಿ ವಿಲಿಯಂ ಹಂಟರ್ ವರ್ಕ್‌ಮನ್ ಎಂಬ ಅಮೆರಿಕನ್ ದಂಪತಿ ಅಂಥ ಸೈಕಲ್ಲುಗಳೊಡನೆ ಭಾರತಕ್ಕೆ ಬಂದರು. ಅದಕ್ಕೂ ಮೊದಲು ಅವರು ಅಲ್ಜೀರಿಯ, ಸ್ಪೇನ್‌ಗಳಲ್ಲಿ ಸಂಚರಿಸಿದ್ದರು. ದಕ್ಷಿಣದ ತುದಿಯಿಂದ ಹಿಮಾಲಯದವರೆಗೆ, ದೇವಾಲಯ, ಕೋಟೆ, ಶಿಲ್ಪಗಳನ್ನು ನೋಡುತ್ತ ಅವರು ಸುಮಾರು 14,000 ಮೈಲಿ ಸಂಚರಿಸಿದರು. ಆ ಸಂಚಾರದ ಪುಸ್ತಕ 1904ರಲ್ಲಿ ಪ್ರಕಟವಾಯಿತು.

ಅವರ ಛಲವನ್ನು ಯಾರೂ ಅಲ್ಲಗಳೆಯಲಾರರು. ಮುಳ್ಳಿನ ದಾರಿಯಲ್ಲಿ ದಿನಕ್ಕೆ ನಲವತ್ತರವರೆಗೂ ಪಂಕ್ಚರ್ ಹಾಕಿಕೊಳ್ಳಬೇಕಾದ ದಿನಗಳು ಬಂದವು. ಇಲಿಗಳು ಓಡಾಡುವ ಕೋಣೆಗಳಲ್ಲಿ, ಸೊಳ್ಳೆಗಳ ನಡುವೆ ಮಲಗಿದರು. ಉದ್ದ ಲಂಗ ತೊಟ್ಟ ಹೆಂಗಸೊಬ್ಬಳು ಸೈಕಲ್ ಹೊಡೆಯುವುದೇ ಸೋಜಿಗವಾಗಿದ್ದ ಕಾಲದಲ್ಲಿ ಫ್ಯಾನಿ ಅದನ್ನು ಮಾಡಿ ತೋರಿಸಿದಳು. ಮುಂದೆ 1912ರಲ್ಲಿ ಕಾರಕೋರಂ ಪರ್ವತದ ನೀರ್ಗಲ್ಲಿನ ಮೇಲೆ ನಿಂತು, ಹೆಂಗಸರಿಗೆ ಮತದಾನದ ಹಕ್ಕು ಬೇಕೆಂಬ ಫಲಕವಿದ್ದ ಪತ್ರಿಕೆಯನ್ನು ಹಿಡಿದು ಚಿತ್ರ ತೆಗೆಸಿಕೊಂಡವಳೂ ಆಕೆಯೇ.

ಆದರೆ ಅವರು ಬಂದ ದೇಶ ಪರಾಧೀನವಾಗಿತ್ತು. ಚಹ, ಸಕ್ಕರೆ, ಬಿಸ್ಕತ್ತು, ಡಬ್ಬಿಯ ಮಾಂಸ ಅವರ ಬಳಿಯಲ್ಲೇ ಇರುತ್ತಿದ್ದವು. ತಂಗಲು ಸರ್ಕಾರಿ ಬಂಗಲೆಗಳು, ರೈಲು ನಿಲ್ದಾಣದ ವಿಶ್ರಾಂತಿ ಕೊಠಡಿಗಳು ಇದ್ದವು. ಹಳ್ಳಿಗರು ಇಂದಿಗೂ ‘ಐ.ಬಿ.’ ಎಂದು ಕರೆಯುವ ಕಟ್ಟಡಗಳ ಪೂರ್ವಜರು ಆ ಬಂಗಲೆಗಳು. ಅಲ್ಲಿ ಅಡುಗೆಯವನಿದ್ದ, ದರಪಟ್ಟಿಯಿತ್ತು. ಬಂದವರಿಗೆ ಬೇಯಿಸಿ ಹಾಕುವುದು ಆತನ ನೌಕರಿಯಾಗಿತ್ತು. 1896–97ರಲ್ಲೂ 1899–1900ರಲ್ಲೂ ದೇಶದ ಹಲವು ಭಾಗಗಳು ಭೀಕರ ಬರಗಾಲದಲ್ಲಿ ಬೇಯುತ್ತಿದ್ದವೆಂಬುದನ್ನೂ ನೆನೆಯಬೇಕು. 1898ರಲ್ಲಿ ಸಿಕ್ಕಿಂ ಕಡೆಯಿಂದ ಹಿಮಾಲಯ ಏರಲು ನಲವತ್ತೈದು ಮಂದಿ ಹೊರೆಯಾಳುಗಳನ್ನು ಕರೆದುಕೊಂಡು ಹೊರಟಾಗ, ಹಿಮ ಮುಟ್ಟುವ ಹೊತ್ತಿಗೆ ಆಳುಗಳು ಮುಂದುವರಿಯಲು ಒಪ್ಪಲಿಲ್ಲ. ಆ ಪ್ರಯತ್ನ ಅಲ್ಲಿಗೇ ನಿಂತಿತು. ಬೆಟ್ಟದ ಜನರ ವಿಷಯದಲ್ಲಿ ಈ ದಂಪತಿಗೆ ತಾಳ್ಮೆ ಸಾಲದಾಗಿತ್ತೆಂದು ಮುಂದಿನ ಪರ್ವತಾರೋಹಣ ಚರಿತ್ರಕಾರರು ಬರೆದಿದ್ದಾರೆ.

ಈ ಹೋಲಿಕೆ ವರ್ಕ್‌ಮನ್ ದಂಪತಿಯನ್ನು ಹಳಿಯುವುದಕ್ಕಲ್ಲ. ಅವರು ತಮ್ಮ ಕಾಲದ ಮಕ್ಕಳು. ಒಂದು ವ್ಯತ್ಯಾಸವನ್ನು ಕಾಣಿಸುವುದಷ್ಟೇ ಇದರ ಉದ್ದೇಶ. ಅಪ್ಪಣೆ ಮಾಡಬಲ್ಲವನಿಗೆ ಸೇವೆ ಸಿಗುತ್ತದೆ, ಹಣ ಕೊಡಬಲ್ಲವನಿಗೆ ಸೌಲಭ್ಯ ಸಿಗುತ್ತದೆ. ‘ಇಲ್ಲ’ ಎನ್ನುವ ಸ್ವಾತಂತ್ರ್ಯ ಮನೆಯವರಿಗೆ ಪೂರ್ತಿಯಾಗಿ ಇದ್ದು, ಆದರೂ ಅವರು ‘ಬನ್ನಿ’ ಎಂದಾಗ ಸಿಗುವುದು ಆತಿಥ್ಯ. ತಿಥಿ ಗೊತ್ತುಮಾಡದೆ ಬರುವವನು ಅತಿಥಿ ಎಂದು ಹಿರಿಯರು ಆ ಪದವನ್ನು ಬಿಡಿಸಿ ಹೇಳುತ್ತಿದ್ದುದು ಇದೇ ಅರ್ಥದಲ್ಲಿ. ಆತ ಬರುವನೆಂದು ಮನೆಯವರಿಗೆ ತಿಳಿದಿರುವುದಿಲ್ಲ. ಬಾಗಿಲು ತೆರೆದೀತೆಂದು ಆತನಿಗೂ ಖಾತ್ರಿಯಿರುವುದಿಲ್ಲ.

ಈಗ ಮತ್ತೆ ತಾಜಿಕಿಸ್ತಾನಕ್ಕೆ ಬರೋಣ. ಆ ದೇಶದ ನೂರಕ್ಕೆ ತೊಂಬತ್ತು ಪಾಲಿಗಿಂತ ಹೆಚ್ಚು ನೆಲ ಬೆಟ್ಟ. ಪೂರ್ವದ ಪಾಮೀರ್ ಪ್ರಸ್ಥಭೂಮಿಯನ್ನು ಹಾದುಬರುವ ಹೆದ್ದಾರಿ ಅಕ್‌ಬೈತಾಲ್ ಎಂಬಲ್ಲಿ 4,655 ಮೀಟರ್ ಎತ್ತರಕ್ಕೆ ಏರುತ್ತದೆ. ಸೋವಿಯೆತ್ ಒಕ್ಕೂಟ ಒಡೆದು 1991ರಲ್ಲಿ ಸ್ವತಂತ್ರವಾದ ಈ ದೇಶ 1992ರಿಂದ 1997ರವರೆಗೆ ಅಂತರ್ಯುದ್ಧದಲ್ಲಿ ನಲುಗಿತು. ಅಲ್ಲಿ ಉಳುವ ನೆಲ ಕಡಿಮೆ, ಉದ್ಯೋಗ ಇನ್ನೂ ಕಡಿಮೆ. ಲಕ್ಷಾಂತರ ಗಂಡಸರು ರಷ್ಯಕ್ಕೆ ದುಡಿಯಲು ಹೋಗುತ್ತಾರೆ. ಅವರು ಕಳುಹಿಸುವ ಹಣವನ್ನು ಇಷ್ಟೊಂದು ಅವಲಂಬಿಸಿದ ದೇಶಗಳು ಲೋಕದಲ್ಲಿ ಬೆರಳೆಣಿಕೆಯಷ್ಟು.

ಇಂಥ ಬಡ ಬೆಟ್ಟಸೀಮೆಯ ಮನೆಗಳಲ್ಲಿ ದಾರಿಹೋಕರು ಬಂದಾಗ ನೆಲದ ಮೇಲೆ ಬಟ್ಟೆ ಹಾಸುತ್ತಾರೆ, ಅದು ದಸ್ತರ್‌ಖಾನ್. ಮೊದಲು ಬರುವುದು ರೊಟ್ಟಿ ಮತ್ತು ಚಹ. ರೊಟ್ಟಿಯನ್ನು ಕೈಯಿಂದ ಮುರಿದು ಹಂಚುತ್ತಾರೆ. ಅದನ್ನು ಬೋರಲಾಗಿ ಇಡುವುದು ಅಪಚಾರ. ಪಾಮೀರಿನ ಕೆಲವೆಡೆ ಚಹಕ್ಕೆ ಹಾಲು, ಉಪ್ಪು, ಬೆಣ್ಣೆ ಬೆರೆಸಿ ಕೊಡುತ್ತಾರೆ. ಬಲಗೈಯನ್ನು ಎದೆಯ ಮೇಲಿಟ್ಟು ಸ್ವಾಗತಿಸುತ್ತಾರೆ. ಭಾಷೆ ತಿಳಿಯದ ಸವಾರನಿಗೂ ಆ ಕೈಯ ಅರ್ಥ ತಿಳಿಯುತ್ತದೆ. ಅಂಗಡಿ ಇಲ್ಲದ, ಹಳ್ಳಿಗಳು ದೂರದೂರ ಇರುವ ಚಳಿಯ ನಾಡಿನಲ್ಲಿ ಇದು ಕೇವಲ ಸೌಜನ್ಯದ ಮಾತಲ್ಲ. ಇಂದು ಬಾಗಿಲು ತೆರೆದವನು ನಾಳೆ ಹಿಮಗಾಳಿಯಲ್ಲಿ ಇನ್ನೊಬ್ಬರ ಬಾಗಿಲು ತಟ್ಟಬೇಕಾಗುತ್ತದೆ. ಆ ಪದ್ಧತಿಯಿಲ್ಲದಿದ್ದರೆ ಬೆಟ್ಟದಲ್ಲಿ ಯಾರೂ ಬದುಕಲಾರರು ಎಂಬ ಅನುಭವದಿಂದ ಅದು ಹುಟ್ಟಿದೆ.

2018ನೆಯ ವರ್ಷವನ್ನು ತಾಜಿಕಿಸ್ತಾನದ ಸರ್ಕಾರ ಪ್ರವಾಸೋದ್ಯಮದ ಮತ್ತು ಜನಪದ ಕರಕುಶಲಗಳ ವರ್ಷವೆಂದು ಘೋಷಿಸಿತ್ತು. ಅದೇ ವರ್ಷದ ಜುಲೈ 29ರಂದು, ತಮ್ಮ ಯಾತ್ರೆಯ 369ನೆಯ ದಿನ, ಆಸ್ಟಿನ್ ಮತ್ತು ಗೇಗನ್ ಬೇರೆ ದೇಶಗಳ ಸೈಕಲ್ ಯಾತ್ರಿಕರೊಡನೆ ನೈಋತ್ಯದ ದಂಗಾರ ಜಿಲ್ಲೆಯ ರಸ್ತೆಯಲ್ಲಿ ಸಾಗುತ್ತಿದ್ದರು. ಒಂದು ಕಾರು ಅವರನ್ನು ದಾಟಿ ಮುಂದೆ ಹೋಯಿತು. ಅನಂತರ ಹಿಂದಿರುಗಿ ನೇರವಾಗಿ ಅವರ ಮೇಲೆ ನುಗ್ಗಿತು. ಅದರಿಂದ ಇಳಿದವರು ಬಿದ್ದವರನ್ನು ಚೂರಿಯಿಂದ ಇರಿದರು. ಆಸ್ಟಿನ್, ಗೇಗನ್, ಸ್ವಿಟ್ಜರ್ಲೆಂಡಿನ ಒಬ್ಬರು, ನೆದರ್ಲೆಂಡ್ಸಿನ ಒಬ್ಬರು, ಹೀಗೆ ನಾಲ್ವರು ಸತ್ತರು. ಉಳಿದವರಲ್ಲಿ ಕೆಲವರು ಗಾಯಗೊಂಡರು. ಆಸ್ಟಿನ್ ಮತ್ತು ಗೇಗನ್ ಇಬ್ಬರಿಗೂ ಆಗ 29 ವರ್ಷ. ಇಸ್ಲಾಮಿಕ್ ಸ್ಟೇಟ್ ಸಂಘಟನೆ ಈ ಕೃತ್ಯ ತನ್ನದೆಂದು ಹೇಳಿಕೊಂಡಿತು. ತನ್ನ ಧ್ವಜದ ಮುಂದೆ ಕುಳಿತು ‘ನಂಬದವರನ್ನು’ ಕೊಲ್ಲುವ ಪ್ರತಿಜ್ಞೆ ಮಾಡಿದ ಐವರ ಚಿತ್ರಸುರುಳಿಯನ್ನು ಪ್ರಕಟಿಸಿತು. ದಾಳಿಕೋರರಲ್ಲಿ ನಾಲ್ವರು ಪೋಲೀಸ್ ಕಾರ್ಯಾಚರಣೆಯಲ್ಲಿ ಹತರಾದರು. ಸೆರೆಸಿಕ್ಕವನಿಗೆ ಅದೇ ವರ್ಷ ಜೀವಾವಧಿ ಶಿಕ್ಷೆಯಾಯಿತು.

ಸುದ್ದಿ ಹರಡಿದಾಗ ಲೋಕದ ಹಲವೆಡೆ ಜನ ಮರುಗಿದರು. ಮಗಳು ಹೊಸ ಜನರಿಗೂ ಹೊಸ ಊರುಗಳಿಗೂ ಮನಸ್ಸು ತೆರೆದವಳು, ಈ ಯಾತ್ರೆ ಅವಳ ಸ್ವಭಾವಕ್ಕೆ ತಕ್ಕದ್ದೇ ಆಗಿತ್ತು ಎಂಬರ್ಥದ ಮಾತನ್ನು ಗೇಗನ್ ಕುಟುಂಬದವರು ಹೇಳಿದರು. ಆದರೆ ಅಪಹಾಸ್ಯ ಮಾಡಿದವರೂ ಬಹಳ. ಅದಕ್ಕೆ ಕಾರಣ ಆಸ್ಟಿನ್ ಹಿಂದೆ ಬರೆದಿದ್ದ ಒಂದು ಅಭಿಪ್ರಾಯ. ವಾರ್ತೆಗಳನ್ನು ನೋಡಿದರೆ ಲೋಕ ಭಯಾನಕವೆಂದೂ ಜನ ಕೆಟ್ಟವರೆಂದೂ ಅನ್ನಿಸುತ್ತದೆ. ದಾರಿಯಲ್ಲಿ ತಾನು ಕಂಡದ್ದು ಹಾಗಿಲ್ಲ, ಮನುಷ್ಯರು ಬಹುಮಟ್ಟಿಗೆ ದಯೆಯುಳ್ಳವರೇ ಎಂಬುದು ಅದರ ಸಾರ. ‘ನೋಡಿ, ಕೊನೆಗೆ ಏನಾಯಿತು’ ಎಂದು ಹೇಳುವವರಿಗೆ ಆ ಮಾತು ಸುಲಭದ ಆಯುಧವಾಯಿತು. ನಂಬಿ ಕೆಟ್ಟವರ ಪಟ್ಟಿಗೆ ಇಬ್ಬರನ್ನು ಸೇರಿಸಿ ಅವರು ಸುಮ್ಮನಾದರು.

ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವುದು ನ್ಯಾಯವಲ್ಲ. ಎರಡು ಎಳೆಯ ಜೀವಗಳು ಹೋದವು. ಅವರ ತಂದೆತಾಯಿಗಳ ದುಃಖಕ್ಕೆ ಯಾವ ತತ್ತ್ವವೂ ಸಮಾಧಾನವಲ್ಲ. ಕೊಂದವರೂ ಅದೇ ನಾಡಿನಲ್ಲಿ ಬೆಳೆದವರು, ಅದೇ ರೊಟ್ಟಿ ತಿಂದವರು. ಆದ್ದರಿಂದ ‘ಹಳ್ಳಿಯ ಜನ ಒಳ್ಳೆಯವರು, ಲೋಕ ಒಳ್ಳೆಯದು’ ಎಂದು ಹೇಳಿ ಕೈತೊಳೆದುಕೊಳ್ಳಲು ಬರುವುದಿಲ್ಲ. ಆದರೆ ಲೆಕ್ಕ ಹಾಕುವುದಾದರೆ ಪೂರ್ತಿ ಹಾಕಬೇಕು. ಆ ಇಬ್ಬರೂ 368 ದಿನ ಬದುಕಿದ್ದರು. ಆ ಅಷ್ಟೂ ದಿನ ರಸ್ತೆಯಲ್ಲಿ ಅವರನ್ನು ದಾಟಿದ ಸಾವಿರಾರು ವಾಹನಗಳು ಅವರನ್ನು ಉಳಿಸಿ ಮುಂದೆ ಹೋದವು. ನೀರು ಕೊಟ್ಟವರು ಪತ್ರಿಕೆಯಲ್ಲಿ ಬರುವುದಿಲ್ಲ. ಬಾಂಬು ಬಿದ್ದರೆ ಸುದ್ದಿ. ಬಾಗಿಲು ತೆರೆದರೆ ಸುದ್ದಿಯಲ್ಲ. ಹೀಗಾಗಿ ಪತ್ರಿಕೆಯೊಂದನ್ನೇ ಓದಿ ಮನುಷ್ಯರನ್ನು ಅಳೆಯುವವನ ಲೆಕ್ಕದ ಪುಸ್ತಕದಲ್ಲಿ ಖರ್ಚು ಮಾತ್ರ ಇರುತ್ತದೆ, ಜಮೆಯ ಪುಟವೇ ಇರುವುದಿಲ್ಲ.

ಕೊಂದವರಿಗೂ ಸತ್ಕರಿಸಿದವರಿಗೂ ಆ ಇಬ್ಬರು ಸಮನಾಗಿ ಅಪರಿಚಿತರೇ ಆಗಿದ್ದರು. ಕೊಂದವರು ಅವರಲ್ಲಿ ಒಂದು ದೇಶವನ್ನು, ಒಂದು ಮತವನ್ನು ಕಂಡರು. ಹೂ ಹಿಡಿದು ನಿಂತ ಹುಡುಗಿಯರು ಏರು ಹತ್ತಿ ದಣಿದ ಇಬ್ಬರನ್ನು ಕಂಡರು. ಮನುಷ್ಯನನ್ನು ಆತನ ಗುಂಪಿನ ಹೆಸರಿನಿಂದ ನೋಡುವುದೋ ಆತನ ಬಾಯಾರಿಕೆಯಿಂದ ನೋಡುವುದೋ ಎಂಬ ಆಯ್ಕೆ ಮಧ್ಯ ಏಷ್ಯದವರಿಗೆ ಮಾತ್ರ ಬರುವುದಲ್ಲ. ಅದು ಪ್ರತಿಯೊಂದು ಮನೆಯ ಬಾಗಿಲಿಗೂ ಬರುತ್ತದೆ. ಮಲೆನಾಡಿಗೂ ಅದು ಬಂದಿದೆ, ಎರಡು ರೂಪಗಳಲ್ಲಿ.

ಮೊದಲನೆಯದು ಪ್ರವಾಸಿಯ ರೂಪ. ವಾರದ ಕೊನೆಗೆ ಘಟ್ಟದ ರಸ್ತೆಗಳಲ್ಲಿ ಕಾರುಗಳ ಸಾಲು ಬರುತ್ತದೆ. ಹೋಮ್‌ಸ್ಟೇಗಳು ಹಲವು ಮನೆಗಳಿಗೆ ಆದಾಯ ತಂದಿವೆ. ಅಡಕೆ, ಕಾಫಿ, ಮೆಣಸಿನ ಬೆಲೆ ಕುಸಿದ ವರ್ಷಗಳಲ್ಲಿ ಅದು ಕುಟುಂಬಗಳನ್ನು ಉಳಿಸಿದೆ. ಅದನ್ನು ಹೀನಾಯವಾಗಿ ಕಾಣುವ ಹಕ್ಕು ಯಾರಿಗೂ ಇಲ್ಲ. ಆದರೆ ಹಣ ಕೊಟ್ಟವನು ಗಿರಾಕಿ, ಆತನನ್ನು ನೆಂಟನೆಂದು ಕರೆದು ತಮ್ಮನ್ನು ತಾವೇ ಮರುಳುಮಾಡಿಕೊಳ್ಳುವುದು ಬೇಡ. ಗಿರಾಕಿಗೆ ನಿಯಮ ಹೇಳಬಹುದು: ಹೊಳೆಯಲ್ಲಿ ಬಾಟಲಿ ಎಸೆಯಬೇಡಿ, ಕಾಡಿನಲ್ಲಿ ಕೂಗಬೇಡಿ, ಹುಲ್ಲುಗುಡ್ಡದ ಮೇಲೆ ಜೀಪು ಹತ್ತಿಸಬೇಡಿ. ಹೇಳುವುದು ಮನೆಯವರ ಹಕ್ಕು, ಬೆಟ್ಟದ ಕಡೆಯಿಂದ ಅದು ಅವರ ಕರ್ತವ್ಯವೂ ಹೌದು. ಏನೂ ಬೇಡದೆ, ಎಲ್ಲವನ್ನೂ ಕಾರಿನಲ್ಲಿ ತುಂಬಿಕೊಂಡು ಬಂದು ಕಸವನ್ನು ಮಾತ್ರ ಬಿಟ್ಟುಹೋಗುವವನಿಗೆ ಜಗಲಿಯ ಮರ್ಯಾದೆ ಸಲ್ಲಬೇಕಾದ್ದಿಲ್ಲ.

ಎರಡನೆಯ ರೂಪದ ಅಪರಿಚಿತ ಕಾರಿನಲ್ಲಿ ಬರುವುದಿಲ್ಲ. ಕಾಫಿ ತೋಟಗಳ ಕೆಲಸಕ್ಕೆ ಅಸ್ಸಾಮಿನಿಂದ, ಇತರ ದೂರದ ರಾಜ್ಯಗಳಿಂದ, ಉತ್ತರ ಕರ್ನಾಟಕದ ಬರದ ಸೀಮೆಯಿಂದ ಜನ ಬರುತ್ತಾರೆ. ಅವರ ಕೈಯಲ್ಲಿ ಒಂದು ಚೀಲ, ಜೊತೆಯಲ್ಲಿ ಕೆಲವೊಮ್ಮೆ ಮಕ್ಕಳು. ಮಾಸ್ಕೋದ ಕಟ್ಟಡಗಳಲ್ಲಿ ಇಟ್ಟಿಗೆ ಹೊರುವ ತಾಜಿಕ್ ಯುವಕನ ಸ್ಥಿತಿ ಯಾವುದೋ, ಇವರದೂ ಅದೇ. ಆ ಯುವಕನ ತಾಯಿ ತನ್ನ ಬೆಟ್ಟದ ಮನೆಯಲ್ಲಿ ಪರದೇಶಿ ಸವಾರನಿಗೆ ರೊಟ್ಟಿ ಮುರಿದು ಕೊಡುವಾಗ, ದೂರದ ನಗರದಲ್ಲಿ ತನ್ನ ಮಗನಿಗೂ ಯಾರಾದರೂ ಕೊಟ್ಟಾರೆಂಬ ಆಸೆ ಅವಳಲ್ಲಿ ಇರದೆ ಹೋದೀತೆ? ಮಲೆನಾಡಿನ ಮಕ್ಕಳೂ ಬೆಂಗಳೂರಿಗೆ, ಇನ್ನೂ ದೂರಕ್ಕೆ ಹೋಗಿದ್ದಾರೆ. ಅವರೂ ಅಲ್ಲಿ ಯಾರದೋ ಬಾಗಿಲಿನ ಮುಂದೆ ಅಪರಿಚಿತರೇ.

ಬಿಳಿಯ ಚರ್ಮದ ಸೈಕಲ್ ಸವಾರನೊಬ್ಬ ಊರಿಗೆ ಬಂದರೆ ಮಕ್ಕಳು ಸುತ್ತುವರಿಯುತ್ತಾರೆ, ಹಿರಿಯರು ಕುರ್ಚಿ ತರುತ್ತಾರೆ. ಅದು ಒಳ್ಳೆಯದೇ. ಅದೇ ದಿನ ಅದೇ ದಾರಿಯಲ್ಲಿ ಕೆಲಸ ಹುಡುಕುತ್ತ ನಡೆದುಬಂದ ಕೂಲಿಯವನಿಗೆ ‘ಯಾರು ನೀನು, ಎಲ್ಲಿಯವನು’ ಎಂಬ ಪ್ರಶ್ನೆ ಮೊದಲು ಬರುತ್ತದೆಯೋ, ನೀರು ಮೊದಲು ಬರುತ್ತದೆಯೋ? ಹಿಂದೆ ಜಾತಿ ಎಳೆದಿದ್ದ ಗೆರೆ ಇಂದು ಬೇರೆ ಹೆಸರಿನಲ್ಲಿ ಅದೇ ಅಂಗಳದಲ್ಲಿ ಬಿದ್ದಿಲ್ಲವೆಂದು ಹೇಳಲು ಸಾಧ್ಯವೆ? ವಿದ್ಯಾರ್ಥಿಗಳು ಈ ಪ್ರಶ್ನೆಯನ್ನು ತಮ್ಮ ತಮ್ಮ ಊರುಗಳಲ್ಲಿ ಕೇಳಿ ನೋಡಬೇಕು.

ಜೊತೆಗೆ ಒಂದು ಕೆಲಸವನ್ನೂ ಮಾಡಬಹುದು. ರಜೆಯಲ್ಲಿ ಇಬ್ಬರೋ ನಾಲ್ವರೋ ಸೇರಿ, ಹಳೆಯ ಸೈಕಲ್ಲುಗಳಾದರೂ ಸರಿ, ಒಂದು ಕಣಿವೆಯಿಂದ ಇನ್ನೊಂದು ಕಣಿವೆಗೆ ಹೋಗಿಬನ್ನಿ. ಕೈಯಲ್ಲಿ ಹಣ ಕಡಿಮೆಯಿರಲಿ, ಬಾಟಲಿಯ ನೀರು ಬೇಡ. ಬಾಯಾರಿದಾಗ ಒಂದು ಮನೆಯ ಮುಂದೆ ನಿಂತು ಕೇಳಿ. ಕೇಳಲು ಸಂಕೋಚವಾಗುತ್ತದೆ, ಆ ಸಂಕೋಚವನ್ನು ಅನುಭವಿಸಿದವರಿಗೆ ಮಾತ್ರ ತಮ್ಮ ಮನೆಯ ಮುಂದೆ ನಿಂತವನ ಮನಸ್ಸು ತಿಳಿದೀತು. ಯಾರು ಕೊಟ್ಟರು, ಯಾರು ಕೊಡಲಿಲ್ಲ, ಏನು ಮಾತಾಡಿದರು ಎಂಬುದನ್ನು ಬರೆದಿಡಿ. ಕೊಡದವರನ್ನು ಹಳಿಯಬೇಡಿ, ಅವರಿಗೂ ಕಾರಣಗಳಿರುತ್ತವೆ. ಹಿಂದಿರುಗಿದ ಮೇಲೆ ನಿಮ್ಮ ಊರಿನ ದಾರಿಯಲ್ಲಿ ನಡೆದುಬರುವವರಿಗಾಗಿ ಜಗಲಿಯ ಮೇಲೆ ಒಂದು ತಂಬಿಗೆ ನೀರು, ಒಂದು ಅಚ್ಚು ಬೆಲ್ಲ ಇಡುವಂತೆ ಮನೆಯವರಿಗೆ ಹೇಳಿ.

ಆಸ್ಟಿನ್ ಮತ್ತು ಗೇಗನ್ ಅವರ ಯಾತ್ರೆ ಮುಗಿದುಹೋಯಿತು. ಅವರಿಗೆ ನೀರು ಕೊಟ್ಟವರು ತಮ್ಮ ಬೆಟ್ಟಗಳಲ್ಲಿ ಇನ್ನೂ ಇದ್ದಾರೆ. ಅಲ್ಲಿ ಇಂದೂ ಯಾರೋ ಏರು ಹತ್ತಿ ಬರುತ್ತಿರುತ್ತಾರೆ, ಯಾರೋ ನೆಲದ ಮೇಲೆ ಬಟ್ಟೆ ಹಾಸುತ್ತಿರುತ್ತಾರೆ. ಇಲ್ಲಿಯ ಬೆಟ್ಟಗಳಲ್ಲೂ ಆ ಕೆಲಸ ನಿಲ್ಲದಿರಲಿ.